ಜಗಲಿಯ ಮೇಲೆ ಕಲಿತ ಪಾಠ

ತತ್ತ್ವಶಾಸ್ತ್ರವನ್ನು ಓದಿ, ಕಾಲೇಜಿನಲ್ಲಿ ಅದನ್ನೇ ಬೋಧಿಸಿ, ಈಗ ವಿಶ್ರಾಂತರಾಗಿ ಅಜ್ಜಂಪುರದ ಹಳೆಯ ಮನೆಯಲ್ಲಿ ಕುಳಿತಿರುವ ನಮ್ಮನ್ನು ನೆರೆಯವರು ಕೇಳುವುದುಂಟು: "ಸ್ವಾಮಿ, ತತ್ತ್ವವನ್ನೂ ಕಾವ್ಯವನ್ನೂ ಒಟ್ಟಿಗೆ ಕಟ್ಟಿಕೊಂಡು ಜೀವಮಾನವೆಲ್ಲ ತಾವು ಸಾಧಿಸಿದ್ದೇನು?" ಪ್ರಶ್ನೆ ನ್ಯಾಯವಾದುದೇ. ಈರುಳ್ಳಿ ಬೆಳೆದವನು ಮೂಟೆಯನ್ನು ತೋರಿಸಬಲ್ಲನು. ನಮ್ಮಲ್ಲಿ ತೋರಿಸಲು ಮೂಟೆಯಿಲ್ಲ. ಆದರೂ ಒಂದು ಸಂಗತಿಯನ್ನು ವಾಚಕರಲ್ಲಿ ಅರಿಕೆಮಾಡುವೆವು.

ಲಕ್ಷ್ಮೀಶ ಕವಿಯ ಊರೆಂದು ನಮ್ಮವರು ಹೆಮ್ಮೆಪಡುವ ದೇವನೂರು ಇದೇ ಸೀಮೆಯ ಕಡೂರು ತಾಲ್ಲೂಕಿನದು. ಶ್ರಾವಣದ ರಾತ್ರಿಗಳಲ್ಲಿ ನಮ್ಮ ಜಗಲಿಯ ಮೇಲೆ ಅವನ ಜೈಮಿನಿ ಭಾರತವನ್ನು ವಾಚಿಸುವ ಪದ್ಧತಿಯಿತ್ತು. ನಾವು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ಕಾಲ. ಹಬ್ಬದ ರಜಕ್ಕೆ ಬಂದಿದ್ದ ಒಂದು ಇರುಳು ಸೀತಾಪರಿತ್ಯಾಗದ ಭಾಗ ನಡೆದಿತ್ತು. ನಮ್ಮ ತಂದೆಯವರು ಅಂಗವಸ್ತ್ರದಿಂದ ಮತ್ತೆ ಮತ್ತೆ ಕಣ್ಣೊರಸಿಕೊಂಡರು. ಅದೇ ತಂದೆಯವರು, ತಮಗೊಪ್ಪದ ಮದುವೆ ಮಾಡಿಕೊಂಡಳೆಂದು ನಮ್ಮ ಅಕ್ಕನ ಹೆಸರನ್ನೇ ನಾಲ್ಕು ವರ್ಷಗಳಿಂದ ಮನೆಯಲ್ಲಿ ಎತ್ತಗೊಟ್ಟಿರಲಿಲ್ಲ! ಕಾವ್ಯದ ಸೀತೆಗೆ ಕರಗುವ ಎದೆ ಹೆತ್ತ ಮಗಳಿಗೇಕೆ ಕರಗದು?

ಈ ಒಗಟೇ ನಮ್ಮನ್ನು ಎಂ. ಹಿರಿಯಣ್ಣನವರ ಗ್ರಂಥಗಳ ಬಳಿಗೆ ಒಯ್ದಿತು. 1871ರಲ್ಲಿ ಹುಟ್ಟಿ 1950ರಲ್ಲಿ ಕಾಲವಾದ ಆ ಮಹನೀಯರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರು. ಭಾರತೀಯ ದರ್ಶನಗಳನ್ನು ಕುರಿತು 1932ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥ ಲೋಕಪ್ರಸಿದ್ಧವಾದುದು. ಕಲಾನುಭವವನ್ನು ಕುರಿತ ಪ್ರಬಂಧಗಳು 1954ರಲ್ಲಿ ಪುಸ್ತಕವಾಗಿ ಬಂದವು. ರಸಾನುಭವದಲ್ಲಿ 'ನಾನು, ನನ್ನದು' ಎಂಬುದು ಮರೆಯಾಗುವುದರಿಂದ ಅದು ಮೋಕ್ಷದ ಸ್ಥಿತಿಯನ್ನು ಹೋಲುವುದು. ಆದರೆ ಅದು ಕವಿಯು ಹೊರಗಿನಿಂದ ತಂದೊದಗಿಸಿದುದಾದ್ದರಿಂದ ಕಾವ್ಯ ಮುಗಿದೊಡನೆ ಜಾರಿಹೋಗುವುದು. ಜ್ಞಾನದಿಂದ ಒಳಗೇ ಪಕ್ವವಾದುದು ಮಾತ್ರ ನಿಲ್ಲುವುದು. ಇದು ಅವರ ವಿಚಾರದ ಸಾರ. ಎಸ್. ಎಲ್. ಭೈರಪ್ಪನವರೂ (1931–2025) ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿ ಸತ್ಯಕ್ಕೂ ಸೌಂದರ್ಯಕ್ಕೂ ಇರುವ ಸಂಬಂಧವನ್ನೇ ವಿಷಯವಾಗಿಟ್ಟುಕೊಂಡು ಬರೋಡೆಯ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದವರು.

ಒಗಟು ಬಿಡಿಸಿತೆಂದು ನಾವು ಹಿಗ್ಗಿದೆವು. ಟಿಪ್ಪಣಿಯ ಪುಸ್ತಕದಲ್ಲಿ ಅಂದವಾಗಿ ಬರೆದಿಟ್ಟೆವು. ಬರೆದು ಮುಗಿಸಿದ ಮೇಲೆ ಹೊಳೆಯಿತು: ಆ ನಾಲ್ಕು ವರ್ಷಗಳಲ್ಲಿ ನಾವೂ ಅಕ್ಕನಿಗೆ ಒಂದು ಕಾಗದ ಬರೆದಿರಲಿಲ್ಲ! ತಂದೆಯವರ ಕಣ್ಣೀರು ಬೆಳಗಾಗುವಷ್ಟರಲ್ಲಿ ಆರಿತ್ತು, ನಿಜ. ನಮ್ಮ ತತ್ತ್ವಕ್ಕಾದರೋ ಕಣ್ಣೀರೇ ಇರಲಿಲ್ಲ.

ಮರುವರ್ಷದ ಶ್ರಾವಣದಲ್ಲಿ ಅದೇ ಭಾಗದ ವಾಚನ ಮುಗಿದು ಎಲ್ಲರೂ ಎದ್ದುಹೋದ ಮೇಲೆ, ನಾವು ಧೈರ್ಯ ತಂದುಕೊಂಡು, "ಅಪ್ಪ, ನೀವು ಈಗ ಅತ್ತದ್ದು ಯಾರಿಗಾಗಿ?" ಎಂದು ಕೇಳಿದೆವು. ಅವರು ಉತ್ತರ ಕೊಡದೆ ಒಳಗೆ ನಡೆದರು. ಎಂಟು ದಿನಗಳಾದ ಮೇಲೆ, ನಮ್ಮ ಮುಖವನ್ನು ನೋಡದೆಯೇ, "ಅವಳ ವಿಳಾಸ ನಿನ್ನ ಹತ್ತಿರ ಇದೆಯೇನೋ?" ಎಂದರು. ಅಷ್ಟುಹೊತ್ತಿಗೆ ನಮ್ಮಲ್ಲಿ ವಿಳಾಸವಿತ್ತು.

ಆ ದೀಪಾವಳಿಗೆ ಅಕ್ಕ ಮಗುವನ್ನು ಕಂಕುಳಲ್ಲೆತ್ತಿಕೊಂಡು ಅಜ್ಜಂಪುರದ ನಿಲ್ದಾಣದಲ್ಲಿ ರೈಲಿಳಿದಳು. ತಂದೆಯವರು ಮಾತನಾಡಲಿಲ್ಲ, ಮಗುವಿಗಾಗಿ ಕೈಚಾಚಿದರು.

ಕಾವ್ಯವು ಕರಗಿಸಿದುದನ್ನು ವಿಚಾರವು ಆರಗೊಡದೆ ಕಾಯಬೇಕು. ವಿಚಾರವು ಒಣಗದಂತೆ ಕಾವ್ಯವು ನೋಡಿಕೊಳ್ಳಬೇಕು. ಮೂವತ್ತು ವರ್ಷ ನಾವು ಹುಡುಗರಿಗೆ ಹೇಳಿದುದು ಇಷ್ಟೇ. ನೆರೆಯವರು ಕೇಳುವ ಮೂಟೆಯೂ ಇಷ್ಟೇ.