ನರಿಮನ್ ಪಾಯಿಂಟಿನಲ್ಲಿ ಹಳ್ಳಿಯ ಧಾಟಿ

ಪಾಶ್ಚಾತ್ಯ ವಾದ್ಯಗೋಷ್ಠಿ ಎಂದೊಡನೆ "ಅದು ನಮಗಲ್ಲ ಬಿಡಿ" ಎನ್ನುವ ಕನ್ನಡ ಗೆಳೆಯರು ಮುಂಬೈಯಲ್ಲಿ ಬಹಳ. ಅವರಿಗಾಗಿಯೇ ಈ ನಾಲ್ಕು ಮಾತು.

ಈ ಊರಿಗೆ ಆ ಸಂಗೀತ ಹೊಸದೇನಲ್ಲ. ಜುಬಿನ್ ಮೆಹ್ತಾರ ತಂದೆ ಮೆಹ್ಲಿ ಮೆಹ್ತಾ 1935ರಲ್ಲೇ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. 2006ರಲ್ಲಿ ನರಿಮನ್ ಪಾಯಿಂಟಿನ ಎನ್.ಸಿ.ಪಿ.ಎ.ಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹುಟ್ಟಿತು. ಅಲ್ಲಿಯ ಜಮ್ಶೇಡ್ ಭಾಭಾ ರಂಗಮಂದಿರದಲ್ಲಿ ಒಂದು ಸಂಜೆ ಎರಡು ಬಗೆಯ ಕೃತಿಗಳನ್ನು ಕೇಳಿದೆ. ಮೊದಲು ಹೇಡನ್ 1794ರಲ್ಲಿ ಮುಗಿಸಿದ 'ಗಡಿಯಾರ' ಸಿಂಫನಿ. ಅದರ ಎರಡನೆಯ ಭಾಗದಲ್ಲಿ ವಾದ್ಯಗಳು ಗೋಡೆ ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತವೆ. ಲೋಕಲ್ ಟ್ರೇನಿನ ನೂಕುನುಗ್ಗಲು ಮೈಯಿಂದ ಇಳಿದುಹೋಯಿತು. ಆಮೇಲೆ ಬಾರ್ಟೋಕ್‌ನ ರುಮೇನಿಯನ್ ಜನಪದ ಕುಣಿತಗಳು. ಎಲ್ಲ ಸೇರಿ ಏಳು ನಿಮಿಷವೂ ಇಲ್ಲ! ಮೊದಲನೆಯದು ಕೋಲು ಹಿಡಿದು ಕುಣಿಯುವುದು, ಮೂರನೆಯದು ನಿಂತಲ್ಲೇ ಕುಣಿಯುವುದು. ಮನಸ್ಸು ತಣ್ಣಗಾಗಿದ್ದರಿಂದಲೋ ಏನೋ, ಆ ಮಣ್ಣಿನ ಧಾಟಿ ನೇರ ಎದೆಗೇ ತಾಗಿತು.

ಬಾರ್ಟೋಕ್ ಫೋನೋಗ್ರಾಫ್ ಹೊತ್ತು ಹಳ್ಳಿ ಹಳ್ಳಿ ಸುತ್ತಿದವನು. ರೈತರ ಹಾಡು, ವಾದನಗಳನ್ನು ಮೇಣದ ಸಿಲಿಂಡರಿನಲ್ಲಿ ಹಿಡಿದಿಟ್ಟ. ಈ ಕುಣಿತಗಳನ್ನು ರಚಿಸಿದ್ದು 1915ರಲ್ಲಿ.

ನಮ್ಮ ಬಿಜಾಪುರ ಸೀಮೆಯಲ್ಲೂ ಅಂಥವರಿದ್ದರು ನೋಡಿ. ಮಧುರಚೆನ್ನ ಮತ್ತು ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ಆಗ ಬಿಜಾಪುರವೂ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಆದರೆ ಅಚ್ಚಾದ ಪುಟ ಪದವನ್ನು ಉಳಿಸುತ್ತದೆ, ಧಾಟಿಯನ್ನಲ್ಲ. ಧಾಟಿ ಬಲ್ಲವರ ಬಾಯಲ್ಲೇ ಇರಬೇಕು.

ಮರುವಾರ ಡೊಂಬಿವಲಿಯ ಅಕ್ಕನ ಮನೆಗೆ ಹೋಗಿ ಬೀಸುವ ಪದ ಹಾಡು ಎಂದೆ. ಎಂಬತ್ತು ದಾಟಿದ ಜೀವ. "ಕಲ್ಲಿಲ್ಲದ ಹೆಂಗ್ ಹಾಡ್ಲೋ ತಮ್ಮಾ? ಕೈ ತಿರುಗಿದ್ರ ಬಾಯಿ ತಿರುಗತೈತಿ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟದ ಮೇಜಿನ ಮೇಲೆ ಬರಿಗೈಯನ್ನೇ ಗುಂಡಗೆ ತಿರುಗಿಸತೊಡಗಿದಳು. ಹಾಡು ಬಂತು! ಮೊಮ್ಮಗಳು ಮೊಬೈಲಿನಲ್ಲಿ ಹಿಡಿದಳು. ಆ ದಿನ ಹನ್ನೊಂದು ಪದ ಸಿಕ್ಕವು. ಹನ್ನೆರಡನೆಯದರ ಕೊನೆ ಅವಳಿಗೆ ನೆನಪಾಗಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಹಿರಿಯರು ಇದ್ದರೆ ಈ ಭಾನುವಾರವೇ ಕೇಳಿ.