ಜಡೆಯ ಮನೆಗೆ ಹೆಸರುಕಾಳಿನ ಬಣ್ಣ

ಶಿಕಾರಿಪುರದಿಂದ ಶಿರಾಳಕೊಪ್ಪ, ಆನವಟ್ಟಿ ಮೇಲೆ ಜಡೆಗೆ ಹೋಗುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಭತ್ತದ ಗದ್ದೆಯದು ಒಂದು ಹಸಿರು, ಅಡಿಕೆ ತೋಟದ್ದು ಇನ್ನೊಂದು, ಹಳೆ ಹೆಂಚಿನ ಮೇಲಿನ ಪಾಚಿಯದು ಮತ್ತೊಂದು.

ಈಗ ಮನೆಯ ಒಳಗೋಡೆಗೂ ಒಂದು ಹಸಿರು ಬಂದಿದೆ, ಆಲಿವ್ ಹಸಿರು. ಆಲಿವ್ ಎಂಬುದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಬೆಳೆಯುವ ಹಣ್ಣು. ಅದರ ಕಾಯಿಯ ಬಣ್ಣವೇ ಇದು. ನಮ್ಮ ಅಡುಗೆಮನೆಯಲ್ಲಿ ಹುಡುಕುವುದಾದರೆ ಹೆಸರುಕಾಳು ಇದಕ್ಕೆ ಹತ್ತಿರ.

ಜಡೆಯ ನನ್ನ ಸ್ನೇಹಿತರ ಮನೆಯಲ್ಲಿ ಮೊಮ್ಮಗನಿಗೆ ಮದುವೆ ಗೊತ್ತಾಗಿತ್ತು. ಮನೆಗೆಲ್ಲ ಈ ಬಣ್ಣವೇ ಬೇಕೆಂದು ಅವನ ಹಟ. ಆದರೆ ನಡುಮನೆಯ ಮಣ್ಣಿನ ಗೋಡೆಯ ಮೇಲೆ ಹಳೆಯ ಹಸೆ ಚಿತ್ತಾರವಿತ್ತು. ಸೊರಬ, ಸಾಗರ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ಮದುವೆಗೆ ಬರೆಯುವ ಚಿತ್ರ ಇದು. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಕಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿ ನಾರು.

ಅಜ್ಜಿ ಜಗಳಕ್ಕೆ ನಿಲ್ಲಲಿಲ್ಲ. “ಬಳಿಯೋದಾದ್ರೆ ಬಳಿ ಮಗಾ. ನಮ್ಮತ್ತೆ ಕೈಯ ಗೆರೆ ಮತ್ತೆ ಎಲ್ಲಿಂದ ತರ್ತೀಯ?” ಎಂದಷ್ಟೇ ಕೇಳಿದರು. ಹುಡುಗ ಸುಮ್ಮನಾದ.

ಬಣ್ಣದ ಮೇಸ್ತ್ರಿ ಗೋಡೆಯನ್ನು ತಟ್ಟಿ ನೋಡಿ ಇನ್ನೊಂದು ಮಾತು ಹೇಳಿದರು. ಮಣ್ಣಿನ ಗೋಡೆ ತೇವ ಹೀರಿ ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಬಣ್ಣ ಗುಳ್ಳೆ ಎದ್ದು ಉದುರುತ್ತದೆ. ಅಂಥ ಗೋಡೆಗೆ ಕೆಮ್ಮಣ್ಣು, ಇಲ್ಲವೇ ಸುಣ್ಣವೇ ಸರಿ.

ಕೊನೆಗೆ ಚಿತ್ತಾರದ ಗೋಡೆ ಹಾಗೆಯೇ ಉಳಿಯಿತು. ಮುಂದಿನ ಕೋಣೆಯ ಸಿಮೆಂಟ್ ಗೋಡೆಗೆ ಆಲಿವ್ ಹಸಿರು ಬಂತು. ಅದೂ ಒಂದೇ ಗೋಡೆಗೆ. ಹೆಂಚಿನ ಮನೆಗೆ ಕಿಟಕಿ ಚಿಕ್ಕದು, ಬೆಳಕು ಕಡಿಮೆ. ನಾಲ್ಕೂ ಗೋಡೆಗೆ ಗಾಢ ಬಣ್ಣ ಹಾಕಿದರೆ ವಯಸ್ಸಾದವರಿಗೆ ಹೊಸ್ತಿಲೂ ಸರಿಯಾಗಿ ಕಾಣುವುದಿಲ್ಲ. ಉಳಿದ ಮೂರಕ್ಕೆ ಕೆನೆಬಿಳಿ ಬಳಿದರು.

ಬಣ್ಣ ಕೊಳ್ಳುವ ಮೊದಲು ಅವರು ಮಾಡಿದ ಪರೀಕ್ಷೆ ನೀವೂ ಮಾಡಬಹುದು. ಚಿಕ್ಕ ಡಬ್ಬಿ ತಂದು ಎರಡು ಅಡಿ ಚೌಕದಷ್ಟು ಗೋಡೆಗೆ ಬಳಿದು, ಒಣಗಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ಹಳದಿ ದೀಪದಡಿ ಅದು ಬೆಚ್ಚಗೆ ಕಾಣುತ್ತದೆ, ಬಿಳಿ ದೀಪದಡಿ ಬೂದಿಗೆ ತಿರುಗಿದಂತೆ. ನಮ್ಮ ಕಡೆ ಮಳೆಗಾಲ ಕಳೆದು ಗೋಡೆ ಒಣಗಿದ ಮೇಲೆಯೇ ಕೆಲಸ ಹಿಡಿಯಬೇಕು.

ಈಗ ಮುಂದಿನ ಕೋಣೆಯಲ್ಲಿ ಕೂತರೆ ಬಾಗಿಲಾಚೆ ಕೆಮ್ಮಣ್ಣಿನ ಗೋಡೆ ಕಾಣುತ್ತದೆ. ಕೆಂಪು, ಹಸಿರು ಒಂದನ್ನೊಂದು ಎತ್ತಿ ತೋರಿಸುವ ಬಣ್ಣಗಳು. ಚಿತ್ತಾರ ಮೊದಲಿಗಿಂತ ಚೆನ್ನಾಗಿ ಎದ್ದು ಕಾಣುತ್ತಿದೆ.

ಮಕ್ಕಳೇ, ನಿಮ್ಮ ಬಣ್ಣದ ಪೆಟ್ಟಿಗೆಯಲ್ಲಿ ಹಳದಿ ತೆಗೆದುಕೊಂಡು ಅದಕ್ಕೆ ಚೂರೇ ಚೂರು ಕಪ್ಪು ಬೆರೆಸಿ ನೋಡಿ. ಹಸಿರು ಮುಟ್ಟದೆಯೇ ಆಲಿವ್ ಹಸಿರು ಬರುತ್ತದೆ. ಅಜ್ಜಿಯ ಚಿತ್ತಾರದಲ್ಲಿದ್ದದ್ದೂ ಹಳದಿ ಮತ್ತು ಕಪ್ಪು ತಾನೇ? ಮೊಮ್ಮಗನಿಗೆ ಇದನ್ನು ಮಾಡಿ ತೋರಿಸಿದೆವು. ಅವನು ಅಜ್ಜಿಯ ಬಳಿ ಪುಂಡಿ ನಾರಿನ ಕುಂಚ ಕಟ್ಟುವುದನ್ನು ಕಲಿಯಲು ಕುಳಿತ.