ಭೇದಿ ನಿಂತ ಮೇಲೆ ಎರಡು ದಿನ

ವಾಂತಿ-ಭೇದಿ ನಿಂತ ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋಗಬಹುದೇ ಎಂದು ಎಲ್ಲರೂ ಕೇಳುವುದು ತಮ್ಮ ಹೊಟ್ಟೆಯನ್ನೇ. ರಾತ್ರಿ ನಿದ್ದೆ ಬಂದಿದೆ, ಕುಡಿದ ಗಂಜಿ ಒಳಗೆ ನಿಂತಿದೆ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ತಲೆ ಸುತ್ತುತ್ತಿಲ್ಲ. ಇನ್ನು ಹೊರಡಬಹುದು ಎನ್ನುತ್ತದೆ ಹೊಟ್ಟೆ. ಆದರೆ ಇಲ್ಲಿ ತೀರ್ಮಾನವಾಗಬೇಕಾದ ಸಂಗತಿಗಳು ಎರಡು. ದುಡಿಯುವಷ್ಟು ತ್ರಾಣ ಬಂದಿದೆಯೇ ಎನ್ನುವುದು ಒಂದು. ನನ್ನಿಂದ ಇನ್ನೊಬ್ಬರಿಗೆ ಈ ಕಾಯಿಲೆ ಅಂಟುತ್ತದೆಯೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮೈ ಸಾಕಷ್ಟು ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ. ಎರಡನೆಯದರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಆದ್ದರಿಂದ ಕೊನೆಯ ಸಲ ವಾಂತಿಯೋ ಭೇದಿಯೋ ಆದ ಹೊತ್ತಿನಿಂದ ಪೂರ್ತಿ 48 ಗಂಟೆ ಕೆಲಸದಿಂದ ದೂರ ಇರಬೇಕು, ಮೈ ಏನೇ ಹೇಳಲಿ, ಎಂಬುದು ನನ್ನ ವಾದ. ಆ ಎರಡು ದಿನದ ಸಂಬಳದ ನಷ್ಟ ಕಾಯಿಲೆ ಬಿದ್ದವನ ತಲೆಯ ಮೇಲೆ ಬೀಳಬಾರದು ಎಂಬುದೂ ಅದೇ ವಾದದ ಭಾಗ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳಿದರೆ ಅದು ಬರೀ ಉಪದೇಶ.

ತ್ರಾಣದ ವಿಷಯ ಬೇಗ ಮುಗಿಯುತ್ತದೆ. ಭೇದಿಯಲ್ಲಿ ಹೋಗುವುದು ಬರೀ ನೀರಲ್ಲ. ಸೋಡಿಯಂ, ಪೊಟ್ಯಾಸಿಯಂ ಕೂಡ ಹೋಗುತ್ತವೆ. ಬರೀ ನೀರು ಕುಡಿದವನಿಗಿಂತ ಓಆರ್‌ಎಸ್ ಕುಡಿದವನು, ಉಪ್ಪು ಹಾಕಿದ ಗಂಜಿ ಕುಡಿದವನು ಬೇಗ ಚೇತರಿಸಿಕೊಳ್ಳುವುದು ಅದಕ್ಕೇ. ಮೂತ್ರ ಇನ್ನೂ ಗಾಢ ಹಳದಿ ಇದ್ದರೆ, ಕುಳಿತಲ್ಲಿಂದ ಎದ್ದಾಗ ಕಣ್ಣು ಕತ್ತಲೆ ಬಂದರೆ ನೀರಿನ ಕೊರತೆ ತುಂಬಿಲ್ಲ ಎಂದರ್ಥ. ಬಸ್ಸಿನ ಸ್ಟಿಯರಿಂಗ್ ಹಿಡಿಯುವವರು, ಸಾರುವೆ ಹತ್ತುವವರು, ಬಿಸಿಲಲ್ಲಿ ರಸ್ತೆ ಗುಡಿಸುವವರು ಆ ಸ್ಥಿತಿಯಲ್ಲಿ ಕೆಲಸಕ್ಕೆ ಇಳಿಯುವುದು ಅವರಿಗೂ ಅಪಾಯ, ಅವರನ್ನು ನಂಬಿದವರಿಗೂ ಅಪಾಯ. ಸಣ್ಣ ಕರುಳಿನ ಒಳಪದರಕ್ಕೆ ಪೆಟ್ಟು ಬಿದ್ದಿರುವುದರಿಂದ ಹಾಲು ಅರಗಿಸುವ ಕಿಣ್ವ ಕೆಲ ದಿನ ಕಡಿಮೆ ಇರುತ್ತದೆ. ಮೊದಲ ದಿನವೇ ಗಟ್ಟಿ ಹಾಲಿನ ಕಾಫಿ ಕುಡಿದವರಿಗೆ ಮತ್ತೆ ಹೊಟ್ಟೆ ಉಬ್ಬರಿಸಿದರೆ ಆಶ್ಚರ್ಯವಿಲ್ಲ. ಇವೆಲ್ಲ ಮೈಗೆ ತಿಳಿಯುವ ಸಂಗತಿಗಳು. ತಪ್ಪಿದರೆ ಮೈಯೇ ಎಚ್ಚರಿಸುತ್ತದೆ.

ಅಂಟುವ ವಿಷಯ ಹಾಗಲ್ಲ. ನೋರೋವೈರಸ್ಸನ್ನೇ ತೆಗೆದುಕೊಳ್ಳಿ. 1968ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ನಾರ್ವಾಕ್ ಎಂಬ ಊರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಅರ್ಧದಷ್ಟು ಮಕ್ಕಳು, ಶಿಕ್ಷಕರು ವಾಂತಿಯಿಂದ ಮಲಗಿದರು. ಅದಕ್ಕೆ ಕಾರಣವಾದ ವೈರಸ್ 1972ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಡಿ ಕಂಡಿತು. ಅದು ದೂರದ ದೇಶದ ಕಾಯಿಲೆಯಲ್ಲ. 2021ರ ನವೆಂಬರಿನಲ್ಲಿ ನಮ್ಮ ಮೈಸೂರು, ಕೊಡಗು ಜಿಲ್ಲೆಗಳ ಪಕ್ಕದ ವಯನಾಡಿನಲ್ಲಿ, ಪೂಕೋಡಿನ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಅದು ಪತ್ತೆಯಾಗಿತ್ತು. ಕಾಯಿಲೆ ಒಂದರಿಂದ ಮೂರು ದಿನದಲ್ಲಿ ಇಳಿದುಬಿಡುತ್ತದೆ, ಆದರೆ ವೈರಸ್ ಮಲದಲ್ಲಿ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಹೊರಬರುತ್ತಲೇ ಇರುತ್ತದೆ. ರೋಗಿಯ ಒಂದು ಗ್ರಾಂ ಮಲದಲ್ಲಿ ಕೋಟ್ಯಂತರ ಕಣಗಳಿದ್ದರೆ, ಇನ್ನೊಬ್ಬನನ್ನು ಮಲಗಿಸಲು ನೂರಕ್ಕಿಂತ ಕಡಿಮೆ ಕಣಗಳು ಸಾಕು. ಕೋವಿಡ್ ಕಾಲದಲ್ಲಿ ನಮ್ಮ ಜೇಬು ಸೇರಿದ ಸ್ಯಾನಿಟೈಸರ್ ಇದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು, ನೆಲಕ್ಕೆ, ಕಮೋಡಿಗೆ ಬ್ಲೀಚಿಂಗ್ ದ್ರಾವಣವೇ ಆಗಬೇಕು. ಭೇದಿ ಕಟ್ಟುವ ಮಾತ್ರೆ ನುಂಗಿ ಕೆಲಸಕ್ಕೆ ಹೊರಡುವವರು ಗಮನಿಸಬೇಕಾದ ಮಾತೊಂದಿದೆ: ಆ ಮಾತ್ರೆ ಕರುಳಿನ ಚಲನೆಯನ್ನು ತಡೆಯುತ್ತದೆ, ಒಳಗಿನ ವೈರಸ್ಸನ್ನಲ್ಲ. ಅಂಥವರ 48 ಗಂಟೆಯ ಲೆಕ್ಕ ಮಾತ್ರೆಯ ಸಹಾಯವಿಲ್ಲದೆ ಹೊಟ್ಟೆ ಸರಿಯಾದಂದಿನಿಂದ ಶುರುವಾಗಬೇಕು.

ಈ ಲೆಕ್ಕ ಎಲ್ಲಕ್ಕಿಂತ ಮುಖ್ಯವಾಗುವುದು ಅನ್ನ ಮುಟ್ಟುವ ಕೈಗಳ ವಿಷಯದಲ್ಲಿ. ನಮ್ಮ ದರ್ಶಿನಿಯೊಂದರ ಬೆಳಗಿನ ಎಂಟು ಗಂಟೆಯನ್ನು ಹತ್ತಿರದಿಂದ ನೋಡಬೇಕು. ಇಡ್ಲಿ ಹಬೆಯಲ್ಲಿ ಬೇಯುತ್ತದೆ, ಸಾಂಬಾರ್ ಕುದಿಯುತ್ತದೆ, ವಡೆ ಎಣ್ಣೆಯಲ್ಲಿ ಕರಿಯುತ್ತದೆ. ಅಲ್ಲಿ ಯಾವ ವೈರಸ್ಸೂ ಉಳಿಯುವುದಿಲ್ಲ. ಅಪಾಯ ಇರುವುದು ಬೆಂದ ನಂತರ. ಇಡ್ಲಿ ತಟ್ಟೆಯಿಂದ ಬಿಡಿಸಿ ಪ್ಲೇಟಿಗೆ ಇಡುವ ಬೆರಳು. ಹಸಿ ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ ರುಬ್ಬಿದ ಚಟ್ನಿ. ಅದರ ಮೇಲೆ ಸುರಿಯುವ ಒಗ್ಗರಣೆ ಘಮ ಕೊಡುತ್ತದೆಯೇ ಹೊರತು ಚಟ್ನಿಯನ್ನು ಬೇಯಿಸುವುದಿಲ್ಲ. ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪು, ಊಟದ ಹೊತ್ತಿನ ಕೋಸಂಬರಿ, ಮೊಸರುವಡೆ. ನಾಲ್ಕು ಲೋಟಗಳ ಬಾಯೊಳಗೆ ನಾಲ್ಕು ಬೆರಳು ಇಳಿಬಿಟ್ಟು ಒಟ್ಟಿಗೆ ಎತ್ತಿಕೊಂಡು ಬರುವ ಸಪ್ಲೈಯರ್ ಹುಡುಗನ ಚುರುಕುತನವನ್ನು ನಾವೆಲ್ಲ ಮೆಚ್ಚಿದ್ದೇವೆ. ಸೋಪು ಹಚ್ಚುವ ಮೊದಲು ನಲ್ಲಿ ತಿರುಗಿಸಿದ ಕೈ, ತೊಳೆದ ಮೇಲೆ ಮುಟ್ಟುವುದೂ ಅದೇ ನಲ್ಲಿಯನ್ನೇ. ತಿಂದು ಹೋದ ಗಿರಾಕಿಗೆ ವಾಂತಿ ಶುರುವಾಗುವುದು 12ರಿಂದ 48 ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಅವನು ಇನ್ನೆರಡು ಕಡೆ ತಿಂದಿರುತ್ತಾನೆ. ಹಿಂದಿನ ಸಂಜೆಯ ಬಜ್ಜಿಯನ್ನು ಬೈದುಕೊಳ್ಳುತ್ತಾನೆ. ಹಾಗಾಗಿ ಬೇಗ ಕೆಲಸಕ್ಕೆ ಮರಳಿದವನಿಗೂ, ಮರಳಿಸಿಕೊಂಡ ಮಾಲೀಕನಿಗೂ ತಮ್ಮಿಂದ ಏನಾಯಿತೆಂಬುದು ತಿಳಿಯುವುದೇ ಇಲ್ಲ. ಏನೂ ಆಗಲಿಲ್ಲ ಎಂಬ ಅನುಭವದ ಮಾತನ್ನು ಈ ವಿಷಯದಲ್ಲಿ ಪುರಾವೆಯೆಂದು ಒಪ್ಪಲಾಗದು.

ಲೆಕ್ಕ ಇಟ್ಟ ಕಡೆ ಚಿತ್ರ ಬೇರೆಯೇ ಇದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2017ರಿಂದ 2019ರವರೆಗೆ ಹೋಟೆಲು ಮುಂತಾದ ಕಡೆ ಆಹಾರದಿಂದ ಹಬ್ಬಿದ 800 ಪ್ರಕರಣಗಳನ್ನು ಪರಿಶೀಲಿಸಿತು. ಕಾರಣ ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಸುಮಾರು ಶೇ. 40ರಲ್ಲಿ ಕಾಯಿಲೆ ಬಿದ್ದ ಅಥವಾ ಸೋಂಕಿದ್ದ ಕೆಲಸಗಾರರ ಪಾತ್ರವಿತ್ತು. ಅಲ್ಲಿನ ಬಹುತೇಕ ಹೋಟೆಲುಗಳಲ್ಲಿ ಕಾಯಿಲೆಯನ್ನು ಮ್ಯಾನೇಜರಿಗೆ ತಿಳಿಸಬೇಕೆಂಬ ನಿಯಮವೇನೋ ಇತ್ತು, ಸಂಬಳದ ರಜೆ ಕೊಡುತ್ತಿದ್ದುದು ಅರ್ಧಕ್ಕಿಂತ ಕಡಿಮೆ ಕಡೆ. ಇಂಗ್ಲೆಂಡಿನ ಬ್ರೇ ಎಂಬ ಹಳ್ಳಿಯಲ್ಲಿ ಮೂರು ಮಿಶೆಲಿನ್ ಸ್ಟಾರ್ ಪಡೆದ 'ಫ್ಯಾಟ್ ಡಕ್' ಹೋಟೆಲಿನಲ್ಲಿ 2009ರ ಆರಂಭದಲ್ಲಿ ಊಟ ಮಾಡಿದ 500ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ತನಿಖೆಯಲ್ಲಿ ಮೂಲ ಕಾರಣವಾಗಿ ಕಂಡದ್ದು ಕಲುಷಿತ ಸಿಂಪಿ ಮಾಂಸ. ಆದರೆ ಮನೆಯಲ್ಲಿರಬೇಕಾದ ಸಿಬ್ಬಂದಿ ಕೆಲಸಕ್ಕೆ ಬಂದದ್ದು ಹಾವಳಿಯನ್ನು ಬೆಳೆಸಿತು ಎಂದು ವರದಿ ಹೇಳಿತು. ಜಗತ್ತಿನ ಅತಿ ಶಿಸ್ತಿನ ಅಡುಗೆಮನೆಗಳಲ್ಲೊಂದು ಎನಿಸಿಕೊಂಡ ಕಡೆಯೇ ಹೀಗಾಯಿತು.

ಎರಡು ವಾರ ವೈರಸ್ ಹೊರಬರುವುದಾದರೆ ಎರಡು ದಿನ ಮನೆಯಲ್ಲಿದ್ದು ಏನು ಪ್ರಯೋಜನ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಪಾಯ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ ಎನ್ನುವುದು ಉತ್ತರ. ವಾಂತಿ, ನೀರು ಭೇದಿ ನಡೆಯುತ್ತಿರುವಾಗ, ಅದರ ಬೆನ್ನಿಗಿನ ಒಂದೆರಡು ದಿನ, ಹಬ್ಬುವ ಸಾಧ್ಯತೆ ಅತಿ ಹೆಚ್ಚು. ನಿಂತಿತು ಅಂದುಕೊಂಡದ್ದು ಮತ್ತೆ ಮರುಕಳಿಸುವುದೂ ಈ ಅವಧಿಯಲ್ಲೇ. ಮಲ ಗಟ್ಟಿಯಾದ ಮೇಲೆ ಕೈ ಸರಿಯಾಗಿ ತೊಳೆಯುವ ಅಭ್ಯಾಸವೊಂದೇ ಬಹುಪಾಲು ರಕ್ಷಣೆ ಕೊಡುತ್ತದೆ. ಎರಡು ವಾರದ ರಜೆಯ ನಿಯಮ ಮಾಡಿದರೆ ಯಾರೂ ಪಾಲಿಸಲಾರರು. ಬ್ರಿಟನ್ನಿನ ಆರೋಗ್ಯ ಇಲಾಖೆಯೂ, ನೋರೋವೈರಸ್ಸಿನ ವಿಷಯದಲ್ಲಿ ಅಮೆರಿಕದ ಕೇಂದ್ರವೂ 48 ಗಂಟೆಗೆ ನಿಂತಿರುವುದು ಅದು ಪಾಲಿಸಬಹುದಾದ ಗಡುವು ಎಂಬ ಕಾರಣಕ್ಕೂ ಇರಬೇಕು ಎಂದು ನನಗೆ ತೋರುತ್ತದೆ. ಟೈಫಾಯಿಡ್, ಕಾಲರಾ, ರಕ್ತಭೇದಿಯ ಮಾತು ಬೇರೆ. ಅಲ್ಲಿ ಡಾಕ್ಟರು ಹೇಳಿದ ದಿನವೇ ಲೆಕ್ಕ, ಎರಡು ದಿನವಲ್ಲ.

ನಮ್ಮಲ್ಲಿ ಹೊಟ್ಟೆ ಕೆಡುವುದು ನೀರಿನಿಂದ, ಅಡುಗೆಯವನ ಕೈಯಿಂದಲ್ಲ ಎನ್ನುವವರೂ ಇದ್ದಾರೆ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನೋಡಿದವರು ಹಾಗೆ ಹೇಳಿದರೆ ತಪ್ಪೆನ್ನಲಾಗದು. ಆದರೆ ನೀರಿನ ಪೈಪು ಸರಿಪಡಿಸುವ ಕೆಲಸ ನಗರಸಭೆಯದು, ಅದಕ್ಕೆ ವರ್ಷಗಳು ಬೇಕು. ಅಡುಗೆಮನೆಗೆ ಯಾರು ಇಳಿಯಬೇಕು, ಯಾರು ಬೇಡ ಎಂಬುದು ಇವತ್ತು ಬೆಳಿಗ್ಗೆಯೇ ತೀರ್ಮಾನಿಸಬಹುದಾದದ್ದು. ಒಂದು ಆಗುವವರೆಗೆ ಇನ್ನೊಂದನ್ನು ಬಿಟ್ಟುಕೊಡುವುದರಲ್ಲಿ ಅರ್ಥವಿಲ್ಲ. ಅಂಗನವಾಡಿಯ ಮೂರು ವರ್ಷದ ಮಗುವಿಗೆ, ಬಿಸಿಯೂಟದ ಸಾಲಿನಲ್ಲಿ ಕುಳಿತ ಬಡಕಲು ಹುಡುಗಿಗೆ, ಆಸ್ಪತ್ರೆ ಕ್ಯಾಂಟೀನಿನಿಂದ ಗಂಜಿ ತರಿಸಿಕೊಳ್ಳುವ ಮುದುಕರಿಗೆ ಇದು ಮೂರು ದಿನದ ಸುಸ್ತಾಗಿ ಮುಗಿಯುವುದಿಲ್ಲ. ನೀರು ಬತ್ತಿ ಪ್ರಾಣಕ್ಕೆ ಬರುತ್ತದೆ. ನಮ್ಮ ಹೊಟ್ಟೆಗೆ ಎಲ್ಲ ಅಭ್ಯಾಸವಾಗಿದೆ ಎಂಬ ಧೈರ್ಯ ಗಟ್ಟಿಮುಟ್ಟಾದವರ ಧೈರ್ಯ. ನೋರೋವೈರಸ್ಸಿಗೆ ಹುಟ್ಟುವ ಪ್ರತಿರೋಧ ಬಹುಕಾಲ ಉಳಿಯುವುದೂ ಇಲ್ಲ, ಅದರ ಎಲ್ಲ ಬಗೆಗಳಿಗೂ ಸಲ್ಲುವುದೂ ಇಲ್ಲ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಹೊಟ್ಟೆಪಾಡಿನದು. ಎರಡು ದಿನ ಮನೆಯಲ್ಲಿ ಕೂತರೆ ಎರಡು ದಿನದ ಕೂಲಿ ಹೋಯಿತು. ಬದಲಿಗೆ ಬಂದವನು ಗಟ್ಟಿಗನಾದರೆ ಕೆಲಸವೇ ಹೋಗಬಹುದು. ಇದಕ್ಕೆ ಉತ್ತರ ಕೊಡದೆ 48 ಗಂಟೆಯ ಮಾತಾಡುವವರು ಮೇರಿ ಮ್ಯಾಲನ್ ಎಂಬ ಅಡುಗೆಯವಳ ಕಥೆ ನೆನಪಿಟ್ಟುಕೊಳ್ಳಬೇಕು. ನ್ಯೂಯಾರ್ಕಿನ ಸಿರಿವಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಆಕೆಯ ಪಿತ್ತಕೋಶದಲ್ಲಿ ಟೈಫಾಯಿಡ್ ಕ್ರಿಮಿ ನೆಲೆಸಿತ್ತು, ಆಕೆಗೆ ಮಾತ್ರ ಯಾವ ತೊಂದರೆಯೂ ಇರಲಿಲ್ಲ. 1907ರಲ್ಲಿ ಹಿಡಿದು ದ್ವೀಪವೊಂದರಲ್ಲಿ ಇಟ್ಟರು, ಇನ್ನು ಅಡುಗೆ ಮಾಡುವುದಿಲ್ಲ ಎಂಬ ಮಾತು ತೆಗೆದುಕೊಂಡು 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಅಡುಗೆಯಷ್ಟು ಸಂಬಳವಿರಲಿಲ್ಲ. ಹೆಸರು ಬದಲಿಸಿಕೊಂಡು ಮತ್ತೆ ಒಲೆಯ ಮುಂದೆ ನಿಂತಳು. 1915ರಲ್ಲಿ ಆಕೆ ಅಡುಗೆ ಮಾಡುತ್ತಿದ್ದ ಒಂದು ಹೆರಿಗೆ ಆಸ್ಪತ್ರೆಯಲ್ಲಿ 25 ಮಂದಿಗೆ ಟೈಫಾಯಿಡ್ ಬಂತು, ಇಬ್ಬರು ಸತ್ತರು; ಮತ್ತೆ ಸಿಕ್ಕಿಬಿದ್ದ ಮೇರಿ 1938ರಲ್ಲಿ ಸಾಯುವವರೆಗೆ ಅದೇ ದ್ವೀಪದಲ್ಲಿ ಬಂದಿಯಾಗಿ ಉಳಿದಳು. ಆಕೆಯ ಹಟವನ್ನು ಜಗತ್ತು ಬೇಕಾದಷ್ಟು ಬೈದಿದೆ. ಕೆಲಸ ಬಿಡು ಎಂದವರು ಅದೇ ಸಂಬಳದ ಇನ್ನೊಂದು ದಾರಿ ತೋರಿಸಲಿಲ್ಲ ಎಂಬುದು ನನಗೆ ಅದಕ್ಕಿಂತ ದೊಡ್ಡ ತಪ್ಪಾಗಿ ಕಾಣುತ್ತದೆ.

ನಮ್ಮ ನಿಯಮಗಳೂ ಅದೇ ಜಾಗದಲ್ಲಿ ನಿಂತಿವೆ. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಬಂಧನೆಗಳ ಪ್ರಕಾರ, ಆಹಾರದ ಮೂಲಕ ಹಬ್ಬುವ ರೋಗ ಇರುವವರನ್ನಾಗಲಿ ಇರಬಹುದೆಂಬ ಅನುಮಾನವಿರುವವರನ್ನಾಗಲಿ ಅಡುಗೆಮನೆಗೆ ಬಿಡಬಾರದು. ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯೂ ಆಗಬೇಕು. ಜನವರಿಯಲ್ಲಿ ಪಡೆದ ಸರ್ಟಿಫಿಕೇಟು ಜುಲೈನ ಹೊಟ್ಟೆಯ ಬಗ್ಗೆ ಏನನ್ನೂ ಹೇಳಲಾರದು. ಅಡುಗೆಮನೆಯಿಂದ ಹೊರಗಿಟ್ಟ ದಿನದ ಸಂಬಳ ಯಾರು ಕೊಡಬೇಕೆಂಬುದು ಆ ಪಟ್ಟಿಯಲ್ಲಿಲ್ಲ. ಇಎಸ್‌ಐ ಇದ್ದವರಿಗೆ ಕಾಯಿಲೆಯ ರಜೆಗೆ ಸರಾಸರಿ ಕೂಲಿಯ ಶೇ. 70 ಸಿಗುತ್ತದೆ, ಆದರೆ ಮೊದಲ ಎರಡು ದಿನವನ್ನು ಲೆಕ್ಕಕ್ಕೆ ಹಿಡಿಯದಿರುವುದು ಬಹುಕಾಲದಿಂದ ನಡೆದು ಬಂದ ನಿಯಮ. ಮೂರನೆಯ ದಿನಕ್ಕೆ ಭೇದಿ ನಿಂತಿರುತ್ತದೆ. ಭೇದಿ ನಿಂತವನಿಗೆ ರಜೆಯ ಚೀಟಿ ಬರೆಯುವ ಡಾಕ್ಟರು ಅಪರೂಪ. ದೂರದೂರಿನಿಂದ ಬಂದು ಹೋಟೆಲಿನ ಮೇಲಿನ ಕೋಣೆಯಲ್ಲೇ ಮಲಗುವ ಹುಡುಗರಿಗೆ ಮನೆಯಲ್ಲಿರು ಎಂಬ ಮಾತಿಗೇ ಅರ್ಥವಿಲ್ಲ. ಅವರಿಗೆ ಪ್ರತ್ಯೇಕ ಶೌಚಾಲಯ, ಗಂಜಿ, ಓಆರ್‌ಎಸ್ ಒದಗಿಸುವುದೂ ಮಾಲೀಕರ ಹೊಣೆಯೇ.

ಸಂಬಳದ ರಜೆ ಎಂದರೆ ವಾರಕ್ಕೊಬ್ಬ ಹೊಟ್ಟೆನೋವೆಂದು ಮಲಗುತ್ತಾನೆ ಎಂದು ಮಾಲೀಕರು ಅಂಜುತ್ತಾರೆ. ಕೆಲವರು ಹಾಗೆ ಮಾಡುವುದು ನಿಜ. ಹಾಗಂತ ಡಾಕ್ಟರ ಚೀಟಿ ಕೇಳಿದರೆ ನಿಲ್ಲಲಾರದವನನ್ನು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರಿಸಿ ಅಲ್ಲಿಯೂ ಕಾಯಿಲೆ ಹಂಚಿದಂತಾಗುತ್ತದೆ. ಸುಳ್ಳು ಹೇಳಿದವನಿಂದಾಗುವ ನಷ್ಟ ಎರಡು ದಿನದ ಕೂಲಿ. ನಿಜ ಮುಚ್ಚಿಟ್ಟು ಬಂದವನಿಂದಾಗುವ ನಷ್ಟಕ್ಕೆ ಹಾಗೆ ಮಿತಿ ಹಾಕಲು ಬರುವುದಿಲ್ಲ. ಮಿಕ್ಕ ಸಿಬ್ಬಂದಿಯೆಲ್ಲ ಒಟ್ಟಿಗೆ ಮಲಗಿ ಬಾಗಿಲು ಹಾಕಬೇಕಾಗಿ ಬಂದರೆ ಅದೂ ಮಾಲೀಕರ ಲೆಕ್ಕಕ್ಕೇ ಸೇರುತ್ತದೆ. ಕಂಪ್ಯೂಟರಿನ ಮುಂದೆ ಕೂತು ದುಡಿಯುವವರ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿ ವಾದಿಸುವುದಿಲ್ಲ. ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಇದ್ದವರು ಆಫೀಸಿನ ಶೌಚಾಲಯವನ್ನೂ ಕಾಫಿ ಯಂತ್ರದ ಗುಂಡಿಯನ್ನೂ ಎರಡು ದಿನ ಮುಟ್ಟದಿದ್ದರೆ ಸಾಕು.

ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಹೋಟೆಲು, ಕೆಫೆಗಳಿಗೂ ಅನ್ವಯಿಸುತ್ತದೆ. ಕಾಯಿಲೆಗೋ ಬೇರೆ ಸಕಾರಣಕ್ಕೋ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಅದರಲ್ಲಿ ಈಗಾಗಲೇ ಇದೆ. ಹೊಸ ಕಾನೂನಿಗೆ ಕಾಯಬೇಕಾಗಿಲ್ಲ. ಹೋಟೆಲು ನಡೆಸುವವರಲ್ಲಿ, ಕ್ಯಾಂಟೀನಿನ ಗುತ್ತಿಗೆದಾರರಲ್ಲಿ ಒಂದೇ ಕೋರಿಕೆ: ವಾಂತಿ-ಭೇದಿ ಆದವರು ನಿಂತ ಮೇಲೂ ಎರಡು ದಿನ ಬರಬೇಡಿ, ಸಂಬಳ ಕಟ್ ಮಾಡುವುದಿಲ್ಲ ಎಂದು ಅಡುಗೆಮನೆಯ ಗೋಡೆಯ ಮೇಲೆ, ಅಲ್ಲಿ ಕೆಲಸ ಮಾಡುವವರು ಓದಬಲ್ಲ ಭಾಷೆಯಲ್ಲಿ, ಈ ವಾರವೇ ಬರೆಸಿ ಹಾಕಿ.